ಸಿಟಿ ಪೊಲೀಸ್ ತಂಡದ ಪ್ರಶಸ್ತಿಶಾಸನ

'ಪ್ರಶಸ್ತಿ' ಎಂಬ ಶಬ್ದವನ್ನು ನಾವಿಂದು ಬಹುಮಾನ ಎಂಬ ಅರ್ಥದಲ್ಲಿ ಬಳಸುತ್ತೇವೆ. ಶಾಸನಗಳನ್ನು ಓದುವವನಿಗೆ ಅದರ ಅರ್ಥ ಬೇರೆ. ಅರಸನ ವಂಶ, ಅವನ ಬಿರುದುಗಳು, ಅವನು ಗೆದ್ದ ಯುದ್ಧಗಳು, ಇವನ್ನು ಸಾಲಾಗಿ ಹೊಗಳಿ ಹೇಳುವ ಭಾಗಕ್ಕೆ ಪ್ರಶಸ್ತಿ ಎಂದು ಹೆಸರು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಒಂದು ಬಗೆಯ ಬರಹ ನಮ್ಮ ಕಾಲದಲ್ಲಿಯೂ ಉಂಟು. ಅದು ಹಳೆಯ ಕಾಲ್ಚೆಂಡಿನ ಸಂಘಗಳ ವಿಜಯಪಟ್ಟಿ. ಯಾವ ವರ್ಷ, ಯಾವ ಕಪ್ಪು, ಯಾರನ್ನು ಸೋಲಿಸಿ ಎಂದಷ್ಟೇ ಅಲ್ಲಿರುತ್ತದೆ. ಒಬ್ಬ ಕನ್ನಡ ಮೇಷ್ಟರು ಇಂತಹ ಪಟ್ಟಿಯೊಂದನ್ನು ಎತ್ತಿಕೊಂಡು ಆಕಾಶವಾಣಿಯ ಮುಂದೆ ಕುಳಿತಿರುವುದೇಕೆ ಎಂದು ತಾವು ಕೇಳಬಹುದು. ಆ ಪಟ್ಟಿ ನಮ್ಮ ಸೀಮೆಗೂ ಸೇರಿದ್ದು, ಆದರೆ ಅದನ್ನು ನಮ್ಮದೆಂದು ಹೇಳುವವರು ಇಂದು ಯಾರೂ ಉಳಿದಿಲ್ಲ ಎಂಬುದೇ ನನ್ನ ಸಮಾಧಾನ.

ನಾನು ಜವಳಗೇರಿಯವನು. ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಊರು. ನಮ್ಮ ಸೀಮೆಯಲ್ಲೇ ಇರುವ ಮಸ್ಕಿಯಲ್ಲಿ 1915ರಲ್ಲಿ, ಚಿನ್ನದ ಗಣಿಗಾಗಿ ಗುಡ್ಡ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಒಂದು ಬಂಡೆಗಲ್ಲಿನ ಬರಹ ಸಿಕ್ಕಿತು. ಅದುವರೆಗೆ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ ದೊರೆಯ ಹೆಸರಿರಲಿಲ್ಲ. 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ ಇದ್ದವು. ಈ ಬಿರುದಿನವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ತರ್ಕಿಸಿದ್ದರು. ಬಿರುದನ್ನೂ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಕಲ್ಲು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ನಿಜಾಮ ಸರಕಾರದ ಪುರಾತತ್ತ್ವ ಮಾಲಿಕೆಯ ಮೊದಲ ಪುಸ್ತಕವೇ ಅದು. ಬಿರುದುಗಳು ಉಳಿದು ಹೆಸರು ಅಳಿಯುವುದು ಎಷ್ಟು ಸುಲಭ ಎಂಬುದನ್ನು ಆ ಕಲ್ಲಿನ ಬಳಿ ಬೆಳೆದವರಾದ ನಾವು ಬಲ್ಲೆವು. ನಾನಿಂದು ಹೇಳಹೊರಟಿರುವ ತಂಡಕ್ಕೆ ಆಗಿರುವುದೂ ಅದೇ.

ಆ ತಂಡ ಹೈದರಾಬಾದ್ ಸಿಟಿ ಪೊಲೀಸ್. 'ಸಿಟಿ ಅಫ್ಘನ್ಸ್' ಎಂದೂ ಅದನ್ನು ಕರೆಯುತ್ತಿದ್ದರು. ಮೊದಲು ಅದರ ಬಿರುದಾವಳಿಯನ್ನು ಹೇಳಿಬಿಡುತ್ತೇನೆ. ಮುಂಬಯಿಯ ರೋವರ್ಸ್ ಕಪ್ಪನ್ನು 1950, 1951, 1952, 1953, 1954, ಹೀಗೆ ಐದು ವರ್ಷ ಎಡೆಬಿಡದೆ ಗೆದ್ದಿತು. ಆ ಪಂದ್ಯಾವಳಿ ಆರಂಭವಾದದ್ದು 1891ರಲ್ಲಿ. ಕೊನೆಯ ಬಾರಿ ನಡೆದದ್ದು 2000-01ರಲ್ಲಿ. ನೂರು ವರ್ಷಕ್ಕೂ ಮಿಕ್ಕ ಈ ಅವಧಿಯಲ್ಲಿ ಸತತವಾಗಿ ಐದು ಸಲ ಗೆದ್ದ ಮತ್ತೊಂದು ತಂಡವಿಲ್ಲ. ಕಲಕತ್ತೆಯ ಮೋಹನ್ ಬಾಗಾನ್ ಒಟ್ಟು ಲೆಕ್ಕದಲ್ಲಿ ಮುಂದಿರಬಹುದು, ಆದರೆ ಈ ಐದರ ಸಾಲನ್ನು ಅದೂ ಮುಟ್ಟಲಿಲ್ಲ. ಆಮೇಲೆ 1957, 1960, ಈಸ್ಟ್ ಬೆಂಗಾಲ್ ಜೊತೆ ಜಂಟಿಯಾಗಿ 1962, ಮತ್ತೆ 1963, ಒಟ್ಟು ಒಂಬತ್ತು. ಇನ್ನು ದೇಶದ ಅತ್ಯಂತ ಹಳೆಯ ಪಂದ್ಯಾವಳಿಯಾದ ಡ್ಯುರಾಂಡ್ ಕಪ್. 1888ರಲ್ಲಿ ಸಿಮ್ಲಾದಲ್ಲಿ ಗೋರಾ ಸಿಪಾಯಿಗಳಿಗಾಗಿ ಹುಟ್ಟಿದ್ದು ಅದು. ಯುದ್ಧ, ದೇಶವಿಭಜನೆಗಳಿಂದ ನಿಂತುಹೋಗಿ, 1950ರಲ್ಲಿ ದಿಲ್ಲಿಯಲ್ಲಿ ಮತ್ತೆ ಆರಂಭವಾದಾಗ, ಸ್ವತಂತ್ರ ಭಾರತದ ಆ ಮೊದಲ ಡ್ಯುರಾಂಡ್ ಕಪ್ಪನ್ನು ಮೋಹನ್ ಬಾಗಾನ್ ತಂಡವನ್ನು ಸೋಲಿಸಿ ಎತ್ತಿದವರು ಇವರೇ. 1954, 1957, 1961ರಲ್ಲಿ ಮತ್ತೆ ಮೂರು ಸಲ. 1952ರಲ್ಲೂ 1956ರಲ್ಲೂ ಅಂತಿಮ ಪಂದ್ಯಕ್ಕೆ ಬಂದು ಈಸ್ಟ್ ಬೆಂಗಾಲ್‌ಗೆ ಸೋತಿದ್ದರು. 1957ರಲ್ಲಿ ಅದೇ ತಂಡವನ್ನು ಅದೇ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲಿಸಿ ಲೆಕ್ಕ ಚುಕ್ತಾ ಮಾಡಿದರು.

ಇಷ್ಟು ಪ್ರಶಸ್ತಿಯ ಪಾಠ. ಇನ್ನು ಅದರ ಟೀಕು.

ಮೊದಲ ಐದು ವರ್ಷಗಳನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿ. 1948ರ ಸೆಪ್ಟೆಂಬರ್ 17ರಂದು ಪೊಲೀಸ್ ಕಾರ್ಯಾಚರಣೆ ಮುಗಿದು ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂತು. 1950ರ ಜನವರಿ 26ರಂದು ಅದು ಗಣರಾಜ್ಯದ ಒಂದು ರಾಜ್ಯವಾಯಿತು, ನಿಜಾಮರೇ ರಾಜಪ್ರಮುಖರಾದರು. ರಾಯಚೂರು, ಗುಲಬರ್ಗಾ, ಬೀದರ, ಈ ಮೂರು ಕನ್ನಡ ಜಿಲ್ಲೆಗಳು 1956ರ ಅಕ್ಟೋಬರ್ ಕೊನೆಯವರೆಗೆ ಆ ರಾಜ್ಯದಲ್ಲೇ ಇದ್ದವು. ಅಂದರೆ ಸಿಟಿ ಪೊಲೀಸ್ ಐದು ರೋವರ್ಸ್ ಕಪ್ಪುಗಳನ್ನು ಗೆದ್ದಾಗ ಸಿಂಧನೂರಿನ ರೈತನಿಗೂ ಲಿಂಗಸುಗೂರಿನ ವಕೀಲನಿಗೂ ರಾಜಧಾನಿ ಹೈದರಾಬಾದೇ. ಸ್ವರ್ಣಸಂಭ್ರಮದ ಆ ವರ್ಷಗಳು ನಮ್ಮ ಜಿಲ್ಲೆ ಆ ರಾಜ್ಯದಲ್ಲಿ ಕಳೆದ ಕೊನೆಯ ವರ್ಷಗಳೂ ಹೌದು.

ಇಲ್ಲಿ ಒಂದು ಮುಜುಗರದ ಸಂಗತಿಯನ್ನು ಮುಚ್ಚಿಡಬಾರದು. ರಜಾಕಾರರ ಹಾವಳಿಯನ್ನು ಕಂಡ ನಮ್ಮ ಹಳ್ಳಿಗಳಿಗೆ 'ಪೊಲೀಸ್' ಎಂಬ ಶಬ್ದ ಇಂಪಾದುದಾಗಿರಲಿಲ್ಲ. ಹೈದರಾಬಾದಿನ ಹಳೆಯ ಸರಕಾರದ ಯಾವ ಲಾಂಛನವೂ ಆಗ ಜನರಲ್ಲಿ ಪ್ರೀತಿ ಹುಟ್ಟಿಸುವ ಸ್ಥಿತಿಯಲ್ಲಿರಲಿಲ್ಲ. ಇತ್ತ ನಗರದ ಮುಸಲ್ಮಾನರ ಮನೆಗಳಲ್ಲಿ 1948ರ ನಂತರದ ಭಯ ಇನ್ನೂ ಆರಿರಲಿಲ್ಲ. ಅಂತಹ ಕಾಲದಲ್ಲಿ, ಬಹುಮಟ್ಟಿಗೆ ಮುಸಲ್ಮಾನ ಹುಡುಗರೇ ಇದ್ದ ಒಂದು ಪೊಲೀಸ್ ತಂಡ ಮುಂಬಯಿಗೆ ಹೋಗಿ ಹೈದರಾಬಾದ್ ಎಂಬ ಹೆಸರಿನಲ್ಲಿ ಗೆದ್ದು ಬಂತು. ಚರಿತ್ರೆಯ ಪುಸ್ತಕಗಳು ವಿಲೀನದ ಒಪ್ಪಂದಗಳನ್ನು ಹೇಳುತ್ತವೆ, ರಾಜಪ್ರಮುಖರ ಪದವಿಯನ್ನು ಹೇಳುತ್ತವೆ. ಮನಸ್ಸುಗಳ ವಿಲೀನ ಎಲ್ಲೆಲ್ಲಿ ನಡೆಯಿತೆಂದು ಹುಡುಕುವವನು ಮುಂಬಯಿಯ ಕೂಪರೇಜ್ ಮೈದಾನದ ಕಡೆಗೂ ಒಮ್ಮೆ ನೋಡಬೇಕಾಗುತ್ತದೆ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಕಾಕಾ ಒಬ್ಬರಿದ್ದರು. ನಿಜಾಮರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಿದ್ದವರು, ಸಿಟಿ ಪೊಲೀಸ್ ಮಾತು ಬಂದರೆ ಮಾತ್ರ, "ಬಾಂಬೇದಾಗ ಐದು ವರ್ಷ ನಮ್ಮವರನ್ನ ಯಾರೂ ಮುಟ್ಟಲಿಲ್ಲ ನೋಡಪಾ" ಎನ್ನುತ್ತಿದ್ದರು. ಅವರ 'ನಮ್ಮವರು' ಯಾರು ಎಂಬುದು ನನಗೆ ಬಹುಕಾಲ ಒಂದು ವಿಚಾರದ ವಸ್ತುವಾಗಿತ್ತು.

ಈ ಆಟ ದಖ್ಖನಿಗೆ ಬಂದದ್ದು ದಂಡಿನ ದಾರಿಯಿಂದ. ಬೆಂಗಳೂರಿನ ದಂಡು ಪ್ರದೇಶ, ಸಿಕಂದರಾಬಾದಿನ ದಂಡು ಪ್ರದೇಶ, ಇವೆರಡೂ ಗೋರಾ ಪಲಟಣಗಳ ಬೀಡುಗಳು. ಪಲಟಣದವರು ಆಡಿದರು, ಬೇಲಿಯ ಹೊರಗೆ ನಿಂತ ನಮ್ಮ ಹುಡುಗರು ನೋಡಿ ಕಲಿತರು, ಅದೂ ಬರಿಗಾಲಿನಲ್ಲಿ. ರೋವರ್ಸ್ ಕಪ್ಪು ನಲವತ್ತೈದು ವರ್ಷಕ್ಕೂ ಹೆಚ್ಚುಕಾಲ ಪಲಟಣದವರ ಕೈಯಲ್ಲೇ ತಿರುಗುತ್ತಿದ್ದು, 1937ರಲ್ಲಿ ಮೊದಲ ಬಾರಿಗೆ ಭಾರತೀಯರ ತಂಡವೊಂದಕ್ಕೆ ದಕ್ಕಿತು. ಆ ತಂಡ ಕಲಕತ್ತೆಯದಲ್ಲ, ಮುಂಬಯಿಯದೂ ಅಲ್ಲ. ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು, 1948ರಲ್ಲಿ ಮತ್ತೊಮ್ಮೆ ಗೆದ್ದರು. 1911ರಲ್ಲಿ ಮೋಹನ್ ಬಾಗಾನ್ ಶೀಲ್ಡ್ ಗೆದ್ದುದನ್ನು ಬಂಗಾಳಿಗಳು ಸ್ವಾತಂತ್ರ್ಯಸಂಗ್ರಾಮದ ಒಂದು ಪರ್ವವೆಂಬಂತೆ ಮಕ್ಕಳಿಗೆ ಹೇಳುತ್ತಾರೆ. 1937ರ ಬೆಂಗಳೂರಿನ ಗೆಲುವನ್ನು ನಾವು ನಮ್ಮ ಯಾವ ಪಠ್ಯದಲ್ಲಿ ಹೇಳಿದ್ದೇವೆ? ನಾವು ವೀರಗಲ್ಲುಗಳನ್ನು ನೆಟ್ಟ ನಾಡಿನವರು, ಆದರೆ ನೆಟ್ಟಮೇಲೆ ಅವನ್ನು ಒಗೆಯುವ ಕಲ್ಲಾಗಿ ಬಳಸುವ ಅಭ್ಯಾಸವೂ ನಮ್ಮದೇ.

ಹೈದರಾಬಾದಿನ ತಂಡಕ್ಕೆ ಮೊದಲ ದೊಡ್ಡ ಹೆಸರು ಬಂದುದು ಕೂಡ ಬೆಂಗಳೂರಿನಲ್ಲೇ. 1943ರಲ್ಲಿ ಅಲ್ಲಿ ನಡೆದ ಆಶ್ ಗೋಲ್ಡ್ ಕಪ್ ಪಂದ್ಯಾವಳಿಯಲ್ಲಿ ಅದು ಬ್ರಿಟಿಷ್ ವಾಯುಪಡೆಯ ತಂಡವನ್ನು ಸೋಲಿಸಿತು. ಆ ಎದುರಾಳಿ ತಂಡದಲ್ಲಿ ಡೆನಿಸ್ ಕಾಂಪ್ಟನ್ ಇದ್ದ. ಕ್ರಿಕೆಟ್ ಬಲ್ಲವರಿಗೆ ಆ ಹೆಸರಿನ ಪರಿಚಯ ಬೇಡ. ಆತ ಆರ್ಸೆನಲ್ ಸಂಘದ ಕಾಲ್ಚೆಂಡಿನ ಆಟಗಾರನೂ ಆಗಿದ್ದ.

ಇಷ್ಟೆಲ್ಲ ಗೆಲುವಿನ ಹಿಂದೆ ನಿಂತ ವ್ಯಕ್ತಿ ಒಬ್ಬ ಶಾಲಾಮಾಸ್ತರ. ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನಲ್ಲಿ 1909ರಲ್ಲಿ ಹುಟ್ಟಿದವರು. ಉಸ್ಮಾನಿಯಾದ ಪದವೀಧರರು. ಕಾಚಿಗುಡಾ, ಚಾದರ್‌ಘಾಟ್ ಮೊದಲಾದೆಡೆಯ ಶಾಲೆಗಳಲ್ಲಿ ಪಾಠ ಹೇಳಿದರು, ವ್ಯಾಯಾಮ ಶಿಕ್ಷಣದ ತರಬೇತಿ ಪಡೆದರು, 1940ರ ದಶಕದಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳಾದರು. 1950ರಿಂದ ಸಿಟಿ ಪೊಲೀಸ್ ತಂಡದ ಗುರುಗಳಾಗಿ, ಸಾಯುವವರೆಗೂ ಹಾಗೆಯೇ ಉಳಿದರು. ಜನ ಅವರನ್ನು ರಹೀಂ ಸಾಬ್ ಎನ್ನುತ್ತಿದ್ದರು.

ಅವರ ಪಾಠಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರಲ್ಲಿ ಮೇಷ್ಟರಿಗೆ ಮೇಷ್ಟರು ತಲೆದೂಗುವ ವಿಷಯವಿದೆ. ಆ ಕಾಲದಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ನಾಲ್ಕು ಜನರನ್ನು ದಾಟಿ ಓಡುವವನೇ ದೊಡ್ಡ ಆಟಗಾರ. ನೋಡುವವರ ಚಪ್ಪಾಳೆಯೂ ಅವನಿಗೇ. ರಹೀಮರು ಹೈದರಾಬಾದಿನಲ್ಲಿ, ಚೆಂಡನ್ನು ಹೀಗೆ ಒಬ್ಬನೇ ಆಡಿಸಿಕೊಂಡು ಹೋಗಬಾರದು ಎಂಬ ನಿಯಮದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಬಂದ ಚೆಂಡನ್ನು ಒಡನೆಯೇ ಜೊತೆಗಾರನಿಗೆ ದಾಟಿಸಬೇಕು. ಮತ್ತೊಂದು ಬಗೆಯ ಪಂದ್ಯಾವಳಿಯಲ್ಲಿ ಆಟಗಾರ ತನ್ನ ರೂಢಿಯ ಕಾಲಿನಿಂದ ಒದೆಯುವಂತಿಲ್ಲ. ಬಲಗಾಲಿನವನು ಎಡಗಾಲಿನಲ್ಲೇ ಆಡಬೇಕು. ಕಾವ್ಯ ಬರೆಯುವ ಹುಡುಗನಿಗೆ ವಿಶೇಷಣವಿಲ್ಲದೆ ಹತ್ತು ವಾಕ್ಯ ಬರೆಯೆಂದು ಹೇಳಿದಂತೆ ಇದು. ರೂಢಿ ಕೊಟ್ಟ ಸೌಕರ್ಯವನ್ನು ಕಿತ್ತುಕೊಂಡರೆ ಆಮೇಲೆ ಅಡಗಿದ್ದ ಶಕ್ತಿ ಹೊರಗೆ ಬರುತ್ತದೆ. ಹೈದರಾಬಾದಿನ ಆಟವೆಂದರೆ ನೆಲಕ್ಕೆ ಹತ್ತಿದ ಚಿಕ್ಕ ಚಿಕ್ಕ ದಾಟಿಕೆಗಳ ಆಟ ಎಂಬ ಮಾತು ದೇಶದಲ್ಲೆಲ್ಲ ಹರಡಿದ್ದು ಹೀಗೆ. ಮುಂದೆ ನಾಲ್ಕು, ನಡುವೆ ಇಬ್ಬರು, ಹಿಂದೆ ನಾಲ್ಕು ಎಂಬ ವ್ಯೂಹವನ್ನು ಬ್ರೆಜಿಲ್ 1958ರ ವಿಶ್ವಕಪ್ಪಿನಲ್ಲಿ ಜಗತ್ತಿಗೆ ತೋರಿಸುವ ಮುಂಚೆಯೇ ರಹೀಮರು ಅದರ ಕಡೆಗೆ ಸಾಗಿದ್ದರೆಂದು ಬಲ್ಲವರು ಹೇಳುತ್ತಾರೆ.

ಇನ್ನೊಂದು ಸಂಗತಿ. ಇಂದು ವೃತ್ತಿಪರ ಆಟಗಾರ ಎಂದರೆ ಕರಾರುಪತ್ರ, ಕೋಟಿಗಳ ಲೆಕ್ಕ. ಆಗ ನಮ್ಮ ದೇಶದ ಕಾಲ್ಚೆಂಡು ಕಾಗದದ ಮೇಲೆ ಹವ್ಯಾಸಿಗಳ ಆಟ. ಸಿಟಿ ಪೊಲೀಸರ ಆಟಗಾರ ಪೊಲೀಸ್ ಇಲಾಖೆಯ ನೌಕರ. ಸಂಬಳ ನೌಕರಿಗೆ, ಹೆಸರು ಆಟಕ್ಕೆ. ಅಜೀಜುದ್ದೀನ್, ನೂರ್ ಮೊಹಮ್ಮದ್, ಮುಂದೆ ಯೂಸುಫ್ ಖಾನ್, ಇಂತಹವರಿಗೆ ಆಟವೇ ಜೀವನಾಧಾರ, ಆದರೆ ಆಟಗಾರರೆಂದು ಅವರ ನೇಮಕಾತಿಯ ಪತ್ರದಲ್ಲಿ ಬರೆದಿರಲಿಲ್ಲ. ಹೀಗೆ ಆಡಿದವರಿಗೆ ತಮ್ಮದೇ ಒಂದು ಸಂಘದ ಕಟ್ಟಡ, ಸದಸ್ಯರು, ಸ್ಮರಣ ಸಂಚಿಕೆ, ಇವು ಯಾವುವೂ ಇರುವುದಿಲ್ಲ. ಮೋಹನ್ ಬಾಗಾನ್‌ಗೆ ಲಕ್ಷಾಂತರ ಜನರ ಒಂದು ನಗರವೇ ನೆನಪಿನ ಭಂಡಾರ. ಇಲಾಖೆಯ ತಂಡಕ್ಕೆ ಇಲಾಖೆಯ ಕಡತವೇ ಭಂಡಾರ. ಕಡತಗಳ ಆಯುಷ್ಯ ನಮಗೆ ಗೊತ್ತೇ ಇದೆ.

1954ರ ಡ್ಯುರಾಂಡ್ ಅಂತಿಮ ಪಂದ್ಯದ ಬಗೆಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಂದು ಸಿಟಿ ಪೊಲೀಸರ ಎದುರಿಗಿದ್ದುದು ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡ. ಮೊದಲ ದಿನ ಸರಿಸಮವಾಗಿ, ಮರುಪಂದ್ಯದಲ್ಲಿ ಹೈದರಾಬಾದ್ ಗೆದ್ದಿತು. ಎರಡೇ ವರ್ಷಗಳಲ್ಲಿ ಬೆಂಗಳೂರೇ ರಾಜಧಾನಿಯಾಗಲಿದ್ದ ರಾಯಚೂರಿನ ಕನ್ನಡಿಗ ಅಂದು ಯಾರ ಪಕ್ಷ ವಹಿಸಬೇಕಾಗಿತ್ತು? ಕರ್ನಾಟಕ ಏಕೀಕರಣಕ್ಕಾಗಿ ಸಭೆಗಳಲ್ಲಿ ಕೂಗಿದವನೂ ಅಂದು ಸಂಜೆ ಹೈದರಾಬಾದ್ ಗೆದ್ದಿತೆಂದು ಕೇಳಿ ಹಿಗ್ಗಿದ್ದರೆ ನಾನು ಅವನನ್ನು ದೂರಲಾರೆ. ನಮ್ಮ ಕಾಕಾ ಹಿಗ್ಗಿದವರ ಗುಂಪಿನವರು. ಭಾಷೆಯ ಅಭಿಮಾನ ಒಂದು, ಕೂಡಿ ಬಾಳಿದ ಊರಿನ ಅಭಿಮಾನ ಇನ್ನೊಂದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವರು ಯಾರೂ ಸುಖಪಟ್ಟಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ಮರಾಠಿ ಜಿಲ್ಲೆಗಳು ಮುಂಬಯಿಗೆ, ನಾವು ಮೈಸೂರಿಗೆ. ನಮ್ಮ ಜಿಲ್ಲೆಯದೇ ಆಗಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರದ ಪಾಲಿಗೆ ಹೋದವು. ಭೂಮಿಯನ್ನು ಹಂಚಿದರು, ಕಡತಗಳನ್ನು ಹಂಚಿದರು, ನೌಕರರನ್ನು ಹಂಚಿದರು. ಕಪ್ಪುಗಳನ್ನು ಹಂಚುವ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಪ್ರಶ್ನೆಯೂ ಅಲ್ಲ. ತಂಡ ನಗರದ್ದು, ನಗರ ಎಲ್ಲಿ ಹೋಯಿತೋ ತಂಡವೂ ಅಲ್ಲಿಗೇ.

ಆಟದ ಲೋಕ ಮಾತ್ರ ಭೂಪಟಕ್ಕಿಂತ ನಿಧಾನವಾಗಿ ಬದಲಾಯಿತು. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಾದ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ ಎಂಬ ಹೆಸರಿನ ತಂಡ ಗೆದ್ದದ್ದು 1956-57 ಮತ್ತು 1957-58ರಲ್ಲಿ. ಎರಡನೆಯ ಗೆಲುವಿನ ಹೊತ್ತಿಗಂತೂ ಹೈದರಾಬಾದ್ ಎಂಬ ರಾಜ್ಯವೇ ಇರಲಿಲ್ಲ. ರಾಜ್ಯ ಅಳಿದ ಮೇಲೆ ರಾಜ್ಯದ ತಂಡ ದೇಶವನ್ನು ಗೆದ್ದ ಈ ವಿಚಿತ್ರವನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಸಿಟಿ ಪೊಲೀಸರ ಹೆಸರೂ ಹೋಯಿತು. 1957ರವರೆಗೆ ಹೈದರಾಬಾದ್ ಸಿಟಿ ಪೊಲೀಸ್ ಎಂದಿದ್ದದ್ದು 1960ರ ಹೊತ್ತಿಗೆ ಪಟ್ಟಿಗಳಲ್ಲಿ ಆಂಧ್ರ ಪೊಲೀಸ್ ಆಗಿದೆ. ಗುರು ಅವರೇ, ಮೈದಾನ ಅದೇ, ಹೆಸರು ಬೇರೆ. ಹೀಗಾಗಿ ಪಟ್ಟಿಯನ್ನು ಎಚ್ಚರವಿಲ್ಲದೆ ಓದುವವನು ಆರು ರೋವರ್ಸ್ ಒಬ್ಬರಿಗೆ, ಮೂರು ಇನ್ನೊಬ್ಬರಿಗೆ ಎಂದು ಬರೆದುಕೊಳ್ಳುತ್ತಾನೆ. ಡ್ಯುರಾಂಡ್ ಕಪ್ಪಿನಲ್ಲಿ ಮೂರು ಇತ್ತ, ಒಂದು ಅತ್ತ. ಒಂಬತ್ತು ಎಂಬ ಸಂಖ್ಯೆ ಕಾಣಬೇಕಾದರೆ ಎರಡು ಬಿರುದುಗಳ ಹಿಂದೆ ಇರುವವನು ಒಬ್ಬನೇ ಎಂದು ತಿಳಿದಿರಬೇಕು. ಮಸ್ಕಿಯ ಕಲ್ಲಿನ ನೆನಪಾದದ್ದು ನನಗೆ ಇಲ್ಲಿಯೇ.

ರಹೀಮರು ರಾಷ್ಟ್ರೀಯ ತಂಡಕ್ಕೆ ಮಾಡಿಕೊಟ್ಟದ್ದು ಎಲ್ಲರಿಗೂ ಹೆಚ್ಚುಕಡಿಮೆ ಗೊತ್ತಿದೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. 1951ರ ದಿಲ್ಲಿ ಏಷ್ಯಾ ಕ್ರೀಡೆಗಳಲ್ಲಿ ಚಿನ್ನ. ಮರುವರ್ಷ ಹೆಲ್ಸಿಂಕಿಯಲ್ಲಿ ಬರಿಗಾಲಿನಲ್ಲಿ ಆಡಿ ಯುಗೋಸ್ಲಾವಿಯಾದ ಎದುರು ಹತ್ತಕ್ಕೆ ಒಂದರ ಸೋಲು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ನಾಲ್ಕಕ್ಕೆ ಎರಡರಿಂದ ಸೋಲಿಸಿ ನಾಲ್ಕನೆಯ ಸ್ಥಾನ. ಆ ತಂಡದಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಬಲರಾಮ್ ಮೊದಲಾಗಿ ಹೈದರಾಬಾದಿನವರದೇ ದೊಡ್ಡ ಗುಂಪು. 1962ರ ಸೆಪ್ಟೆಂಬರ್ 4ರಂದು ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು ಎರಡಕ್ಕೆ ಒಂದರಿಂದ ಗೆದ್ದು ಮತ್ತೆ ಚಿನ್ನ. ಅಷ್ಟರಲ್ಲಿ ಅರ್ಬುದರೋಗ ಅವರನ್ನು ಹಿಡಿದಿತ್ತು. 1963ರ ಜೂನ್ 11ರಂದು ತೀರಿಕೊಂಡರು. ಗುರುಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಹುಟ್ಟಿದ್ದೇ 1985ರಲ್ಲಿ. 2024ರಲ್ಲಿ ಅವರ ಮೇಲೆ 'ಮೈದಾನ್' ಎಂಬ ಹಿಂದಿ ಚಲನಚಿತ್ರ ಬಂದು ಹೊಸ ಪೀಳಿಗೆಗೆ ಆ ಹೆಸರು ತಿಳಿಯಿತು. ಸಂತೋಷವೇ. ಆದರೆ ಆ ಕಥೆ ರಾಷ್ಟ್ರೀಯ ತಂಡದ್ದು. ಒಂದು ನಗರದ ಪೊಲೀಸ್ ಹುಡುಗರನ್ನು ದಿನವೂ ತಿದ್ದಿದ ಮೇಷ್ಟರ ಕಥೆಗೆ ಇನ್ನೊಂದು ಚಿತ್ರವೇ ಬೇಕಾದೀತು.

ಇತ್ತ ನಾವು ಸೇರಿಕೊಂಡ ರಾಜ್ಯಕ್ಕೂ ಸ್ವಂತ ಪ್ರಶಸ್ತಿಯಿತ್ತು. ಮೈಸೂರು 1946ರಲ್ಲೂ 1952ರಲ್ಲೂ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಹಮದ್ ಖಾನ್, ಧನರಾಜ್ ಬೆಂಗಳೂರಿನಿಂದ ಕಲಕತ್ತೆಗೆ ಹೋಗಿ ಈಸ್ಟ್ ಬೆಂಗಾಲಿನ ಪಂಚಪಾಂಡವರಲ್ಲಿ ಇಬ್ಬರಾದರು. 1967-68, 1968-69ರಲ್ಲಿ ಮೈಸೂರು ಮತ್ತೆ ಸತತವಾಗಿ ಎರಡು ಬಾರಿ ಗೆದ್ದಿತು. ಅದಾದಮೇಲೆ ಕರ್ನಾಟಕ ಎಂಬ ಹೆಸರಿನಲ್ಲಿ ಗೆಲ್ಲಲು 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು, ಅದೂ ದೂರದ ರಿಯಾದ್ ನಗರದಲ್ಲಿ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ನಿಜಾರ್ಥದ ವೃತ್ತಿಪರ ಸಂಘ. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯದವರೆಗೂ ಹೋಯಿತು. ಅದರ ಪ್ರತಿಯೊಂದು ಗೋಲಿಗೂ ಇಂದು ದಾಖಲೆಯುಂಟು. ಈ ಎಲ್ಲ ಹೆಮ್ಮೆಯಲ್ಲಿ ರಾಯಚೂರಿಗೂ ನ್ಯಾಯವಾದ ಪಾಲುಂಟು, ಯಾರೂ ಅಲ್ಲಗಳೆಯರು. ಆದರೆ 1950ರಿಂದ 1956ರವರೆಗಿನ ಆರೇಳು ವರ್ಷಗಳ ನಮ್ಮ ಹೆಮ್ಮೆ ಯಾವ ಪುಸ್ತಕಕ್ಕೆ ಸೇರಬೇಕು? ಕರ್ನಾಟಕದ ಕ್ರೀಡಾಚರಿತ್ರೆ ಬರೆಯುವವರು ಅದು ಹೈದರಾಬಾದಿನದೆಂದು ಬಿಡುತ್ತಾರೆ. ಹೈದರಾಬಾದಿನವರು ಬರೆದರೆ ಅದರಲ್ಲಿ ರಾಯಚೂರು ಬರುವುದಿಲ್ಲ. ನಮ್ಮ ಸೀಮೆಯನ್ನು ಹೈದರಾಬಾದ್-ಕರ್ನಾಟಕ ಎನ್ನುತ್ತಿದ್ದರು. 2019ರಲ್ಲಿ ಅದು ಕಲ್ಯಾಣ ಕರ್ನಾಟಕವಾಯಿತು. ಹೊಸ ಹೆಸರು ಶರಣರ ನೆನಪು ತರುತ್ತದೆ, ಒಳ್ಳೆಯದೇ. ಹಳೆಯ ಹೆಸರಿನ ಜೊತೆಗೆ ಹೋದವುಗಳ ಯಾದಿಯಲ್ಲಿ ಈ ಐದು ಕಪ್ಪುಗಳನ್ನೂ ಬರೆದಿಡಬೇಕು.

ಕಾಕಾರ 'ನಮ್ಮವರು' ಎಂಬ ಮಾತಿಗೆ ನನಗೆ ತೋಚಿದ ಅರ್ಥ ಇಷ್ಟೇ. ಅವರ ಪಾಲಿಗೆ ಅದು ಒಂದು ಸರಕಾರವೂ ಅಲ್ಲ, ಒಂದು ಮತವೂ ಅಲ್ಲ, ಭಾಷೆಯಂತೂ ಅಲ್ಲ. ತಾವು ಹುಡುಗರಾಗಿದ್ದಾಗ ಯಾವ ಬೀದಿಗಳಲ್ಲಿ ನಡೆದಾಡಿದ್ದರೋ ಆ ಬೀದಿಗಳಲ್ಲಿ ಬರಿಗಾಲಿನಲ್ಲಿ ಆಡಿದ ಹುಡುಗರು. 1956ರ ನಂತರವೂ ಅವರು ರೋವರ್ಸ್ ಫಲಿತಾಂಶವನ್ನು ಪತ್ರಿಕೆಯಲ್ಲಿ ಹುಡುಕುವುದನ್ನು ಬಿಡಲಿಲ್ಲ. ಪತ್ರಿಕೆ ಆಗ ಆಂಧ್ರ ಪೊಲೀಸ್ ಎಂದು ಅಚ್ಚು ಹಾಕುತ್ತಿತ್ತು. ಕಾಕಾ ಅದನ್ನು ಗಟ್ಟಿಯಾಗಿ ಓದುವಾಗ ಪ್ರತಿಸಲವೂ ಸಿಟಿ ಪೊಲೀಸ್ ಎಂದೇ ಓದುತ್ತಿದ್ದರೆಂದು ಮನೆಯ ಹಿರಿಯರು ಹೇಳುತ್ತಿದ್ದರು. ಹಾಗೆ ಓದಿದ ಕೊನೆಯ ಗೆಲುವು 1963ರ ರೋವರ್ಸ್ ಕಪ್ಪಿನದು. ಅದು ಆ ತಂಡದ ಒಂಬತ್ತನೆಯದು. ರಹೀಂ ಸಾಬ್ ಆಗ ಬದುಕಿರಲಿಲ್ಲ.